ಹೆಡ್‌ಫೋನಿನಲ್ಲಿ ಚೆಂದ, ಹಾಲ್‌ನಲ್ಲಿ ರಾಡಿ: ಒಂದು ಕಾರ್ಡ್ ಸ್ಟ್ಯಾಬ್ ಮತ್ತು ಅದರ ಡಿಲೇ

ಹುಬ್ಬಳ್ಳಿಯ ಒಬ್ಬ ಹುಡುಗ ಮಾಡಿದ ಡೀಪ್ ಹೌಸ್ (ಕುಣಿಯಲಿಕ್ಕೆ ಮಾಡುವ ಒಂದು ಬಗೆಯ ಎಲೆಕ್ಟ್ರಾನಿಕ್ ಸಂಗೀತ) ಟ್ರ್ಯಾಕ್ ಒಂದರ ಪ್ರಕರಣ ಇದು. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವನ ಹೆಸರು, ಕಾಲೇಜು, ಹಾಲ್ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಸಿಗುವಂಥ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಸ್ವರ, ಸಮಯ, ಸೆಟ್ಟಿಂಗ್‌ಗಳನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ, ಯಾಕಂದ್ರೆ ಕಲಿಯುವುದು ಇರುವುದೇ ಅದರಲ್ಲಿ. ಅವನನ್ನು ‘ವಿ’ ಅಂತ ಕರೆಯೋಣ. ನಾನು ಧಾರವಾಡದಲ್ಲಿ ರೆಕಾರ್ಡಿಂಗ್, ಮಿಕ್ಸಿಂಗ್ ಕೆಲಸ ಮಾಡುವವನು. ವಚನ, ಭಾವಗೀತೆ, ಜಾಹೀರಾತು ಜಾಸ್ತಿ. ಎಲೆಕ್ಟ್ರಾನಿಕ್ ಸಂಗೀತ ಮಾಡುವ ಹುಡುಗರೂ ಆಗಾಗ ಬಂದು ಕೂರುತ್ತಾರೆ, ಅವರ ಜೊತೆ ಕೆಲಸ ಮಾಡುವುದು ನನಗೆ ಬಹಳ ಇಷ್ಟ.

ಹಿನ್ನೆಲೆ

ವಿ ಎಂಜಿನಿಯರಿಂಗ್ ಓದುತ್ತಾನೆ. ಮನೆ ನವನಗರದ ಕಡೆ. ರಾತ್ರಿ ಊಟ ಆದ ಮೇಲೆ ಎಫ್‌ಎಲ್ ಸ್ಟುಡಿಯೋ ಅನ್ನುವ ಸಂಗೀತದ ಸಾಫ್ಟ್‌ವೇರ್ ತೆಗೆದು ಕೂರುತ್ತಾನೆ. ಸಲಕರಣೆ ಜಾಸ್ತಿ ಏನಿಲ್ಲ. ಒಂದು ಲ್ಯಾಪ್‌ಟಾಪ್, ಒಂದು ಸಣ್ಣ ಮಿಡಿ ಕೀಬೋರ್ಡ್, ಒಂದು ಹೆಡ್‌ಫೋನ್. ಸ್ಪೀಕರ್ ಇಲ್ಲ, ಮನೆಯಲ್ಲಿ ರಾತ್ರಿ ಹೊತ್ತು ಹಚ್ಚುವ ಹಾಗೂ ಇಲ್ಲ.

ನಮ್ಮ ಕಡೆ ಡಿಜೆ ಅಂದ್ರೆ ಗಣಪತಿ ವಿಸರ್ಜನೆ, ರಂಗಪಂಚಮಿ, ಗಾಡಿ ಮೇಲೆ ಪೇರಿಸಿದ ಬಾಕ್ಸ್‌ಗಳು ಕಣ್ಣಿಗೆ ಬರುತ್ತವೆ. ವಿ ಮಾಡುವುದು ಆ ಥರದ್ದಲ್ಲ. ಅವನ ಟ್ರ್ಯಾಕ್ 120 ಬಿಪಿಎಂ, ಅಂದ್ರೆ ನಿಮಿಷಕ್ಕೆ 120 ಬೀಟ್. ಬೀಟಿಗೊಂದು ಕಿಕ್ (ಡ್ರಮ್ಮಿನ ದಪ್ಪ ಹೊಡೆತ), ಕೆಳಗೆ ಬೇಸ್‌ಲೈನ್, ಮೇಲೆ ಕಾರ್ಡ್ ಸ್ಟ್ಯಾಬ್. ನಾಲ್ಕೈದು ಸ್ವರಗಳನ್ನು ಒಟ್ಟಿಗೆ (ಅದೇ ಕಾರ್ಡ್) ಒತ್ತಿ ತಕ್ಷಣ ಬಿಟ್ಟುಬಿಟ್ಟರೆ ಬರುವ ಗಿಡ್ಡ ಸದ್ದೇ ಸ್ಟ್ಯಾಬ್. ಅದನ್ನು ಬೀಟಿನ ಮೇಲೆ ಇಡುವುದು ಕಡಿಮೆ, ಬೀಟುಗಳ ನಡುವೆ ಇಡುವುದೇ ಹೆಚ್ಚು. ಆಮೇಲೆ ಅದಕ್ಕೆ ಡಿಲೇ (ಪ್ರತಿಧ್ವನಿ ಕೊಡುವ ಎಫೆಕ್ಟ್) ಹಾಕಿ ಉಳಿದ ಜಾಗದಲ್ಲಿ ಅದು ಮತ್ತೆ ಮತ್ತೆ ಕೇಳುವಂತೆ ಮಾಡುತ್ತಾರೆ.

ಈ ಪದ್ಧತಿಗೆ ಹಳೆಯ ಬೇರು ಇದೆ. 1970ರ ದಶಕದಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಕಿಂಗ್ ಟಬ್ಬಿಯಂಥ ಎಂಜಿನಿಯರ್‌ಗಳು ರೆಗೆ ಹಾಡುಗಳ ಡಬ್ ಮಿಕ್ಸ್ (ಹಾಡುಗಾರಿಕೆ ತಗ್ಗಿಸಿ ವಾದ್ಯ, ಪ್ರತಿಧ್ವನಿ ಮುಂದೆ ತರುವ ಮರುಮಿಕ್ಸ್) ಮಾಡುವಾಗ, ಗಿಟಾರಿನ ಒಂದೇ ಒಂದು ಹೊಡೆತವನ್ನು ಹಿಡಿದು ಟೇಪ್ ಎಕೋಗೆ, ಅಂದ್ರೆ ಟೇಪಿನ ಮೇಲೆ ಪ್ರತಿಧ್ವನಿ ಹುಟ್ಟಿಸುವ ಯಂತ್ರಕ್ಕೆ, ಕಳಿಸುತ್ತಿದ್ದರು. 1974ರಲ್ಲಿ ರೋಲ್ಯಾಂಡ್ ಕಂಪನಿಯ ಆರ್‌ಇ-201 ಸ್ಪೇಸ್ ಎಕೋ ಬಂದ ಮೇಲೆ ಆ ಟೇಪಿನ ಸದ್ದು ಎಷ್ಟೋ ಸ್ಟುಡಿಯೋಗಳಿಗೆ ತಲುಪಿತು. 1993ರಲ್ಲಿ ಬರ್ಲಿನ್‌ನಲ್ಲಿ ಬೇಸಿಕ್ ಚಾನೆಲ್ ಅನ್ನುವ ಲೇಬಲ್ ಶುರು ಮಾಡಿದ ಮೋರಿಟ್ಸ್ ಫಾನ್ ಓಸ್ವಾಲ್ಡ್ ಮತ್ತು ಮಾರ್ಕ್ ಎರ್ನೆಸ್ಟಸ್ ಅದೇ ವಿಚಾರವನ್ನು ಟೆಕ್ನೋ ಅನ್ನುವ ಎಲೆಕ್ಟ್ರಾನಿಕ್ ಕುಣಿತದ ಸಂಗೀತಕ್ಕೆ ತಂದರು. ಒಂದು ಮೈನರ್ ಕಾರ್ಡ್, ಅದರ ಸುತ್ತ ಡಿಲೇ, ನಿಧಾನವಾಗಿ ತೆರೆದು ಮುಚ್ಚುವ ಫಿಲ್ಟರ್ (ಕೆಲವು ಕಂಪನಗಳನ್ನು ಸೋಸಿ ತೆಗೆಯುವ ಸಾಧನ). ವಿ ಕೇಳಿ ಬೆಳೆದದ್ದು ಈ ಥರದ ಸಂಗೀತವನ್ನೇ.

ಆದರೆ ಒಂದು ವ್ಯತ್ಯಾಸ ಇತ್ತು. ಆ ಡಬ್ ಟೆಕ್ನೋದಲ್ಲಿ ಬಹಳಷ್ಟು ಸಲ ಉದ್ದಕ್ಕೂ ಒಂದೇ ಕಾರ್ಡ್ ಇರುತ್ತದೆ. ವಿಯ ಟ್ರ್ಯಾಕಿನಲ್ಲಿ ಬಾರಿಗೊಂದು (ನಾಲ್ಕು ಬೀಟ್ ಸೇರಿದರೆ ಒಂದು ಬಾರ್) ಕಾರ್ಡ್ ಬದಲಾಗುತ್ತಿತ್ತು: ಎ ಮೈನರ್ 9, ಎಫ್ ಮೇಜರ್ 7, ಡಿ ಮೈನರ್ 9, ಇ 7. ನಾಲ್ಕು ಬಾರ್ ಆದ ಮೇಲೆ ಮತ್ತೆ ಮೊದಲಿನಿಂದ. ಎಲ್ಲ ತೊಂದರೆಯ ಮೂಲ ಇಲ್ಲಿತ್ತು. ಅದು ಗೊತ್ತಾಗಲಿಕ್ಕೆ ಮಾತ್ರ ಸಮಯ ಹಿಡಿಯಿತು.

ಗ್ಯಾದರಿಂಗ್ ದಿನ

ಒಂದು ಕಾಲೇಜಿನ ಗ್ಯಾದರಿಂಗ್‌ನಲ್ಲಿ ವಿಗೆ ಅರ್ಧ ತಾಸು ಸಿಕ್ಕಿತು. ಜಾಗ ಹುಬ್ಬಳ್ಳಿಯ ಒಂದು ದೊಡ್ಡ ಹಾಲ್. ತಗಡಿನ ಛಾವಣಿ, ನುಣುಪು ಕಲ್ಲಿನ ನೆಲ, ಹಿಂದೆ ಬರೀ ಸಿಮೆಂಟ್ ಗೋಡೆ. ಸ್ಟೇಜಿನ ಎರಡೂ ಬದಿಗೆ ಬೇಸ್ ಬಾಕ್ಸ್, ಅದರ ಮೇಲೆ ಟಾಪ್ ಬಾಕ್ಸ್. ವಿ ತನ್ನ ಟ್ರ್ಯಾಕ್ ಹಚ್ಚಿದ. ಕಿಕ್ ಬಂದಾಗ ಹುಡುಗರು ಮುಂದೆ ಬಂದರು. ಸ್ಟ್ಯಾಬ್ ಬಂದ ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರೇ ಹಿಂದೆ ಸರಿದರು.

ಮರುದಿನ ಅವನು ನನ್ನ ಹತ್ತಿರ ಬಂದ.

‘ಸರ, ಹೆಡ್‌ಫೋನಿನ್ಯಾಗ ಕೇಳಿದ್ರ ಮೈ ಝುಂ ಅಂತೈತ್ರಿ. ಅಲ್ಲಿ ಹಚ್ಚಿದ್ರ ಎಲ್ಲಾ ರಾಡಿ ಆತು. ಸೌಂಡ್‌ನವರು ಸರಿ ಹಚ್ಚಿಲ್ಲೋ, ನಂದ ತಪ್ಪೋ ತಿಳೀವಲ್ದು.’

ಗೆಳೆಯರೊಬ್ಬರು ಫೋನಿನಲ್ಲಿ ಹಿಡಿದ ರೆಕಾರ್ಡಿಂಗ್ ಕೇಳಿಸಿದ. ಫೋನ್ ರೆಕಾರ್ಡಿಂಗ್ ಮೇಲೆ ಜಾಸ್ತಿ ನಂಬಿಕೆ ಇಡಬಾರದು, ಅದು ಸದ್ದನ್ನು ಹಿಸುಕಿರುತ್ತದೆ. ಆದರೂ ಎರಡು ವಿಷಯ ಸ್ಪಷ್ಟವಾಗಿದ್ದವು. ಒಂದು, ಸ್ಟ್ಯಾಬ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತಲೇ ತಿಳಿಯುತ್ತಿರಲಿಲ್ಲ. ಎರಡು, ನಾಲ್ಕನೇ ಬಾರ್ ಬಂದಾಗಲೆಲ್ಲ ಏನೋ ಕಿವಿ ಕಚ್ಚುತ್ತಿತ್ತು. ಮೊದಲನೆಯದನ್ನು ಇಬ್ಬರೂ ಗಮನಿಸಿದೆವು. ಎರಡನೆಯದು ಹಾಲ್‌ನ ದೋಷವೇ ಇರಬೇಕು ಅಂತ ವಿ ಹೇಳಿದ. ಅದನ್ನು ಆಮೇಲೆ ನೋಡೋಣ ಅಂತ ಬದಿಗಿಟ್ಟು ಪ್ರಾಜೆಕ್ಟ್ ತೆರೆದೆವು.

ಒಳಗೆ ಇದ್ದದ್ದು ಇಷ್ಟು. ಡಿಲೇಯನ್ನು ಸ್ಟ್ಯಾಬಿನ ಚಾನೆಲ್ ಮೇಲೇ ನೇರವಾಗಿ ಹಾಕಿದ್ದ. ಸಮಯ 3 ಸ್ಟೆಪ್. ಫೀಡ್‌ಬ್ಯಾಕ್ 65, ಅಂದ್ರೆ ಪ್ರತಿ ಪ್ರತಿಧ್ವನಿ ಹಿಂದಿನದರ ನೂರಕ್ಕೆ 65ರಷ್ಟು. ಪಿಂಗ್‌ಪಾಂಗ್ (ಪ್ರತಿಧ್ವನಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾರುವುದು) ಆನ್. ಫಿಲ್ಟರ್ ಪೂರ್ತಿ ತೆರೆದಿತ್ತು. ಸ್ಟ್ಯಾಬಿನ ರಿಲೀಸ್ (ಸ್ವರ ಬಿಟ್ಟ ಮೇಲೆ ಸದ್ದು ಕರಗುವ ಹೊತ್ತು) ಸುಮಾರು 600 ಮಿಲಿಸೆಕೆಂಡ್.

3 ಸ್ಟೆಪ್ ಅಂದ್ರೆ ಎಷ್ಟು? 60,000ವನ್ನು ಬಿಪಿಎಂನಿಂದ ಭಾಗಿಸಿದರೆ ಒಂದು ಬೀಟಿನ ಅವಧಿ ಮಿಲಿಸೆಕೆಂಡಿನಲ್ಲಿ ಸಿಗುತ್ತದೆ. 120ಕ್ಕೆ 500. ಒಂದು ಬೀಟಿಗೆ 4 ಸ್ಟೆಪ್, ಹಾಗಾಗಿ ಒಂದು ಸ್ಟೆಪ್ 125, ಮೂರು ಸ್ಟೆಪ್ 375. ಡಾಟೆಡ್ ಎಯ್ತ್ ಅಂತ ಪ್ಲಗಿನ್‌ಗಳಲ್ಲಿ ಬರೆದಿರುವುದು ಇದನ್ನೇ. ಇಡೀ ಬಾರ್ 16 ಸ್ಟೆಪ್, 2 ಸೆಕೆಂಡ್.

ಮೊದಲು ತಿರುಗಿಸಿದ ನಾಬ್‌ಗಳು

ನನ್ನ ಹತ್ತಿರ ಬರುವ ಮುಂಚೆಯೇ ವಿ ಒಂದಷ್ಟು ಪ್ರಯತ್ನ ಮಾಡಿದ್ದ. ಮೊದಲು ಡಿಲೇಯ ಮಟ್ಟ ಅರ್ಧಕ್ಕೆ ಇಳಿಸಿದ. ರಾಡಿ ಸ್ವಲ್ಪ ಕಡಿಮೆಯಾಯಿತು, ಟ್ರ್ಯಾಕ್ ಸತ್ತುಹೋಯಿತು. ಕಿಕ್ ಮತ್ತು ಬೇಸ್ ನಡುವೆ ಬರೀ ಟಕ್ ಟಕ್ ಅನ್ನುವ ಸ್ಟ್ಯಾಬ್ ಉಳಿಯಿತು. ಆಮೇಲೆ ಮಾಸ್ಟರ್ (ಎಲ್ಲ ವಾದ್ಯ ಕೂಡಿ ಹೊರಬೀಳುವ ಕೊನೆಯ ಚಾನೆಲ್) ಮೇಲೆ ಕಂಪನಗಳ ಮಟ್ಟ ಏರಿಳಿಸುವ ಈಕ್ಯೂ ಹಾಕಿ 300 ಹರ್ಟ್ಸ್ ಸುತ್ತ ಕತ್ತರಿಸಿದ. ಆಗ ಬೇಸ್‌ಲೈನಿನ ಮೈಕಟ್ಟೂ ಹೋಯಿತು. ಎರಡನ್ನೂ ಹಿಂದಕ್ಕೆ ತಂದೆವು. ಒಂದು ವಾದ್ಯದ ತೊಂದರೆಯನ್ನು ಮಾಸ್ಟರ್‌ನಲ್ಲಿ ಸರಿಮಾಡುವುದು ನನಗೆ ಯಾವತ್ತೂ ಸರಿ ಅನ್ನಿಸಿಲ್ಲ.

ನಾವು ಕೂಡಿ ಮಾಡಿದ ಮೊದಲ ಕೆಲಸ ಡಿಲೇಯನ್ನು ಚಾನೆಲ್‌ನಿಂದ ತೆಗೆದು ಸೆಂಡ್‌ಗೆ, ಅಂದ್ರೆ ಸದ್ದಿನ ಒಂದು ಪಾಲು ಹೋಗುವ ಬೇರೆ ಟ್ರ್ಯಾಕಿಗೆ, ಹಾಕಿದ್ದು. ಸೆಂಡ್ ಟ್ರ್ಯಾಕಿನಲ್ಲಿ ಡಿಲೇ ಪೂರ್ತಿ ವೆಟ್ (ಬರೀ ಪ್ರತಿಧ್ವನಿ), ಡ್ರೈ (ಮೂಲ ಸದ್ದು) ಸೊನ್ನೆ. ಹೀಗೆ ಬೇರ್ಪಡಿಸಿದ ಕೂಡಲೇ ಡಿಲೇಯನ್ನು ಒಂಟಿಯಾಗಿ ಸೋಲೋ ಮಾಡಿ ಕೇಳಲು ಬಂತು. ಸೋಲೋ ಒತ್ತಿದ ಕ್ಷಣ ವಿ ತಲೆ ಎತ್ತಿ ನನ್ನ ಮುಖ ನೋಡಿದ. ಅಲ್ಲಿ ಬಿಡಿಬಿಡಿ ಪ್ರತಿಧ್ವನಿ ಇರಲೇ ಇಲ್ಲ. ಒಂದು ಉದ್ದನೆಯ ಗುಂಯ್ ಅನ್ನುವ ಸದ್ದು, ಅಷ್ಟೆ.

ಕಾರಣ ರಿಲೀಸ್. ಸ್ಟ್ಯಾಬ್ 600 ಮಿಲಿಸೆಕೆಂಡ್ ಎಳೆದುಕೊಂಡು ಹೋಗುತ್ತಿತ್ತು, ಅದರ ಪ್ರತಿಧ್ವನಿ 375ಕ್ಕೇ ಬರುತ್ತಿತ್ತು. ಹಿಂದಿನದು ಮುಗಿಯುವ ಮುಂಚೆ ಮುಂದಿನದು ಹಾಜರು. ಹಿಂದೂಸ್ತಾನಿ ಕಛೇರಿಯಲ್ಲಿ ಹಾರ್ಮೋನಿಯಂ ಸಾಥಿದಾರ ಗಾಯಕರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಆ ಸ್ವರವನ್ನು ತಿರುಗಿ ನುಡಿಸುತ್ತಾನೆ, ಡಿಲೇ ಕೆಲಸವೂ ಅದೇ. ಉಸಿರಿಗೆ ಜಾಗವೇ ಇಲ್ಲದಿದ್ದರೆ ಸಾಥಿದಾರ ಎಲ್ಲಿ ನುಡಿಸಬೇಕು?

ರಿಲೀಸನ್ನು ಇಳಿಸುತ್ತಾ ಬಂದೆವು. 400ರಲ್ಲಿ ಇನ್ನೂ ಗುಂಯ್. 250ರಲ್ಲಿ ಬಿಡಿಸಿಕೊಳ್ಳತೊಡಗಿತು. 150ರ ಹತ್ತಿರ ಪ್ರತಿ ಪ್ರತಿಧ್ವನಿಗೂ ತನ್ನದೇ ಮೂತಿ ಬಂತು. ಡಿಲೇ ಸಮಯದ ಅರ್ಧಕ್ಕಿಂತ ಕಡಿಮೆ ಉದ್ದದ ಸ್ಟ್ಯಾಬ್ ಇಟ್ಟುಕೊಂಡರೆ ಪ್ರತಿಧ್ವನಿ ಲಯವಾಗಿ ಕೇಳುತ್ತದೆ. ಅದಕ್ಕಿಂತ ಉದ್ದವಾದರೆ ರಿವರ್ಬ್ ಥರ ಹರಡಿಕೊಳ್ಳುತ್ತದೆ. ಹರಡಿಕೊಳ್ಳುವುದೇ ಬೇಕಾದ ಟ್ರ್ಯಾಕ್‌ಗಳೂ ಇವೆ. ಇದಕ್ಕೆ ಬೇಕಾದದ್ದು ಲಯ.

ಸ್ಟ್ಯಾಬಿನಿಂದ ಕೆಳಗಿನ ಮೂಲಸ್ವರವನ್ನೂ ತೆಗೆದೆವು. ಎ ಮೈನರ್ 9ರ ಕೆಳಗಿನ ಎ 110 ಹರ್ಟ್ಸ್‌ನಲ್ಲಿ ಕೂತಿತ್ತು. ಅದೇ ಸ್ವರವನ್ನು ಬೇಸ್‌ಲೈನ್ ಹೇಗೂ ನುಡಿಸುತ್ತಿದೆ. ಅದು ಡಿಲೇಯಲ್ಲಿ ತಿರುಗಿ ತಿರುಗಿ ಬಂದು ಬೇಸ್ ಮೇಲೆ ಬೀಳುವುದು ಯಾಕೆ? ಡಿಲೇಯ ಫೀಡ್‌ಬ್ಯಾಕ್ ದಾರಿಯೊಳಗೇ ಫಿಲ್ಟರ್ ಹಾಕಿದೆವು. ಕೆಳಗೆ 300 ಹರ್ಟ್ಸ್‌ಗೆ ಕಡಿತ, ಮೇಲೆ 3,500 ಹರ್ಟ್ಸ್‌ಗೆ ಕಡಿತ. ಫಿಲ್ಟರ್ ಡಿಲೇಯ ಹೊರಗಿದ್ದರೆ ಎಲ್ಲ ಪ್ರತಿಧ್ವನಿಗೂ ಒಂದೇ ಬಣ್ಣ. ಒಳಗಿದ್ದರೆ ಪ್ರತಿ ಸುತ್ತಿನಲ್ಲೂ ಮತ್ತೊಮ್ಮೆ ಸೋಸುತ್ತದೆ, ಒಂದೊಂದೂ ಮೊದಲಿನದಕ್ಕಿಂತ ಮಂಕಾಗಿ ದೂರ ಹೋಗುತ್ತದೆ. ಹಳೆಯ ಟೇಪ್ ಎಕೋ ಹಿತವಾಗಿ ಕೇಳುವುದಕ್ಕೆ ಇದೂ ಒಂದು ಕಾರಣ.

ಇಲ್ಲಿಗೆ ಟ್ರ್ಯಾಕ್ ಬಹಳ ಸುಧಾರಿಸಿತ್ತು. ಆದರೆ ನಾಲ್ಕನೇ ಬಾರ್ ಇನ್ನೂ ಕಚ್ಚುತ್ತಿತ್ತು. ಈಗ ನನ್ನ ಕೋಣೆಯ ಸ್ಪೀಕರ್‌ನಲ್ಲೇ, ಹಾಲ್ ಇಲ್ಲದೇ. ಹಾಗಾಗಿ ಅದು ಹಾಲ್‌ನ ದೋಷ ಅಲ್ಲ ಅಂತ ಖಾತ್ರಿಯಾಯಿತು.

ವಿ ಡಿಲೇ ಸಮಯವನ್ನು ಅನುಮಾನಿಸಿದ. ಬದಲಿಸಿ ನೋಡಿದೆವು. ಅವನ ಸ್ಟ್ಯಾಬ್‌ಗಳು ಬಾರಿನ 3ನೇ ಮತ್ತು 11ನೇ ಸ್ಟೆಪ್‌ನಲ್ಲಿದ್ದವು. 500 ಮಿಲಿಸೆಕೆಂಡ್ ಇಟ್ಟರೆ 3ರ ಪ್ರತಿಧ್ವನಿ 7ಕ್ಕೆ, 11ಕ್ಕೆ, 15ಕ್ಕೆ ಬೀಳುತ್ತದೆ. ಎಲ್ಲವೂ ಬೀಟುಗಳ ನಡುವೆಯೇ. ಒಂದು ಹೋಗಿ ಎರಡನೇ ಸ್ಟ್ಯಾಬಿನ ಹಿಂದೆಯೇ ಅಡಗಿಕೊಳ್ಳುತ್ತದೆ. ಹೊಸ ಲಯ ಹುಟ್ಟುವುದಿಲ್ಲ. 250 ಇಟ್ಟರೆ ಮೊದಲ ಪ್ರತಿಧ್ವನಿ 5ಕ್ಕೆ, ಸರಿಯಾಗಿ ಕಿಕ್ ಮೇಲೆ. 375ರಲ್ಲಿ ಮಾತ್ರ 6, 9, 12, 15 ಅಂತ ಮೂರು ಮೂರರ ನಡಿಗೆ ನಾಲ್ಕರ ತಾಳದ ಮೇಲೆ ಹೊರಳುತ್ತದೆ. ಟ್ರ್ಯಾಕಿನ ಜೀವ ಅದರಲ್ಲೇ ಇತ್ತು. 375 ಉಳಿಯಲಿ ಅಂತ ಇಬ್ಬರೂ ನಿರ್ಧರಿಸಿದೆವು. ಮುಂದೆ ಎಷ್ಟೇ ತೊಂದರೆ ಬಂದರೂ ಆ ಅಂಕಿಯನ್ನು ಮುಟ್ಟಲಿಲ್ಲ.

ಅತ್ತಿಯ ಹಾರ್ಮೋನಿಯಂ

ತಿರುವು ಬಂದದ್ದು ವಿಯ ಸೋದರತ್ತೆಯಿಂದ. ಅವರು ಧಾರವಾಡದ ಸಪ್ತಾಪುರದಲ್ಲಿ ಮಕ್ಕಳಿಗೆ ಹಿಂದೂಸ್ತಾನಿ ಗಾಯನ ಹೇಳಿಕೊಡುತ್ತಾರೆ. ಸವಾಯಿ ಗಂಧರ್ವರ ಕುಂದಗೋಳ, ಗಂಗೂಬಾಯಿ ಹಾನಗಲ್ಲರ ಹುಬ್ಬಳ್ಳಿ, ಮಲ್ಲಿಕಾರ್ಜುನ ಮನಸೂರರ ಧಾರವಾಡ, ಗದುಗಿನ ವೀರೇಶ್ವರ ಪುಣ್ಯಾಶ್ರಮ. ಇಂಥ ಸೀಮೆಯಲ್ಲಿ ಸ್ವರ ಹಿಡಿಯುವ ಕಿವಿ ಮನೆ ಮನೆಯಲ್ಲೂ ಸಿಗುತ್ತದೆ. ಆ ಕಿವಿಯನ್ನು ಟೆಕ್ನೋ ಮಾಡುವ ಹುಡುಗರು ಉಪಯೋಗಿಸಿಕೊಳ್ಳುವುದು ಕಡಿಮೆ. ‘ಅವರಿಗೆ ಇದು ಗದ್ದಲ ಅನಿಸತೈತಿ’ ಅಂತ ಕೇಳಿಸುವುದೇ ಇಲ್ಲ.

ವಿ ಕೇಳಿಸಿದ. ಅವರು ಕಿಕ್ ಬಗ್ಗೆ, ಬೇಸ್ ಬಗ್ಗೆ ಏನೂ ಹೇಳಲಿಲ್ಲ. ನಾಲ್ಕನೇ ಬಾರ್ ಬಂದಾಗ ಕೈ ಎತ್ತಿದರು.

‘ತಮ್ಮಾ, ಇಲ್ಲಿ ನಿಲ್ಸು. ಹಿಂದಿನ ಸ್ವರ ಇನ್ನೂ ಹೋಗಿಲ್ಲ, ಅದರ ಮ್ಯಾಲೆ ಮತ್ತೊಂದು ತಂದು ಇಟ್ಟೀ. ಬೇಸೂರ ಆಗದ ಏನಾಗತೈತಿ?’

ಹಾರ್ಮೋನಿಯಂ ಎಳೆದುಕೊಂಡರು. ಎ ಸ್ವರವನ್ನು ಸಾ ಅಂತ ಹಿಡಿದರು. ಡಿ ಮೈನರ್ 9 ಅಂದ್ರೆ ಮ, ಕೋಮಲ ಧ, ಸಾ, ಕೋಮಲ ಗ, ಪ. ಇ 7 ಅಂದ್ರೆ ಪ, ಶುದ್ಧ ನಿ, ರೇ, ಮ. ಎರಡನ್ನೂ ಕೂಡಿಸಿ ಒತ್ತಿದರು. ಪ ಪಕ್ಕದಲ್ಲಿ ಕೋಮಲ ಧ. ಶುದ್ಧ ನಿ ಪಕ್ಕದಲ್ಲಿ ಸಾ. ರೇ ಪಕ್ಕದಲ್ಲಿ ಕೋಮಲ ಗ. ಮೂರು ಜೋಡಿ, ಮೂರೂ ಅಕ್ಕಪಕ್ಕದ ಪಟ್ಟಿಗಳು.

‘ಸಾ ನಿಂತಿದ್ರ ತ್ರಾಸಿಲ್ಲ, ತಂಬೂರಿ ಇರೂದ ಅದಕ್ಕ. ಆದ್ರ ರೇ, ಕೋಮಲ ಗ ಎರಡೂ ಕೂಡೇ ಒತ್ತಿದ್ರ ಯಾರ ಕಿವಿ ತಡಕೋತೈತಿ?’

‘ಅತ್ತಿ, ನಾ ಕೂಡೇ ಒತ್ತಿಲ್ಲ. ಒಂದು ಆದ ಮ್ಯಾಲೆ ಒಂದು ಒತ್ತೀನಿ.’

‘ನೀ ಒತ್ತಿಲ್ಲಪಾ. ನಿನ್ನ ಮಷೀನ್ ಒತ್ತೈತಿ.’

ಅವರು ಹೇಳಿದ್ದನ್ನು ಸ್ಟೆಪ್ ಲೆಕ್ಕದಲ್ಲಿ ಇಟ್ಟು ನೋಡಿದರೆ ಅಕ್ಷರಶಃ ಸರಿ. ಮೂರನೇ ಬಾರಿನ ಕೊನೆಯ ಸ್ಟ್ಯಾಬ್ 11ನೇ ಸ್ಟೆಪ್‌ನಲ್ಲಿ. ಅದರ ಮೊದಲ ಪ್ರತಿಧ್ವನಿ 14ಕ್ಕೆ. ಎರಡನೆಯದು 17ಕ್ಕೆ, ಅಂದ್ರೆ ನಾಲ್ಕನೇ ಬಾರಿನ 1ನೇ ಸ್ಟೆಪ್. ಮೂರನೆಯದು ನಾಲ್ಕನೇ ಬಾರಿನ 4ನೇ ಸ್ಟೆಪ್. ಹೊಸ ಕಾರ್ಡ್ ಬರುವುದು 3ನೇ ಸ್ಟೆಪ್‌ನಲ್ಲಿ. ಅದು ನುಡಿದ ಮರು ಸ್ಟೆಪ್‌ಗೇ ಹಳೆಯ ಕಾರ್ಡ್ ಬಂದು ಅದರ ಮೇಲೆ ಬೀಳುತ್ತಿತ್ತು.

ಸಣ್ಣಗೆ ಬಿದ್ದಿದ್ದರೆ ಪರವಾಗಿರಲಿಲ್ಲ. ಆದರೆ ಫೀಡ್‌ಬ್ಯಾಕ್ 65 ಇದ್ದರೆ ಪ್ರತಿ ಸುತ್ತಿಗೆ ಇಳಿಯುವುದು 4 ಡೆಸಿಬೆಲ್‌ಗೂ ಕಡಿಮೆ. 24 ಡೆಸಿಬೆಲ್ ಇಳಿಯಲಿಕ್ಕೆ ಆರಕ್ಕಿಂತ ಜಾಸ್ತಿ ಸುತ್ತು ಬೇಕು, ಅಂದ್ರೆ ಎರಡೂವರೆ ಸೆಕೆಂಡಿನ ಹತ್ತಿರ. ಬಾರ್ ಇರುವುದೇ 2 ಸೆಕೆಂಡ್. ಹಾಗಾಗಿ ಇಡೀ ನಾಲ್ಕನೇ ಬಾರ್ ಮೂರನೇ ಬಾರಿನ ನೆರಳಿನಲ್ಲೇ ಇತ್ತು. ಡಬ್ ಟೆಕ್ನೋದಲ್ಲಿ ಒಂದೇ ಕಾರ್ಡ್ ಇರುವಾಗ ಈ ಪ್ರಶ್ನೆ ಏಳುವುದೇ ಇಲ್ಲ. ಹಳೆಯದೂ ಹೊಸದೂ ಒಂದೇ ಸ್ವರಗಳು, ಎಷ್ಟು ಹೊತ್ತು ಬೇಕಾದರೂ ಉಳಿಯಬಹುದು. ವಿ ಅಲ್ಲಿಂದ ಡಿಲೇಯನ್ನು ಮಾತ್ರ ತಂದಿದ್ದ. ಆ ಡಿಲೇಗೆ ಜಾಗ ಮಾಡಿಕೊಟ್ಟಿದ್ದ ಒಂಟಿ ಕಾರ್ಡನ್ನು ತಂದಿರಲಿಲ್ಲ.

ಕಾರ್ಡ್ ಬದಲಿಸಬೇಕೋ, ಡಿಲೇ ಬದಲಿಸಬೇಕೋ?

ನನ್ನ ಸಲಹೆ ಇ 7ರ ಬದಲು ಇ ಮೈನರ್ 7 ಹಾಕು ಅಂತಿತ್ತು. ಜಿ ಶಾರ್ಪ್ ಹೋಗಿ ಜಿ ಬಂದರೆ ಮೂರರಲ್ಲಿ ಒಂದು ಘರ್ಷಣೆ ತಪ್ಪುತ್ತದೆ. ವಿ ಒಪ್ಪಲಿಲ್ಲ. ‘ಆ ಜಿ ಶಾರ್ಪ್ ಬಂದಾಗ ಮತ್ತ ಎ ಮೈನರ್‌ಗೆ ಹೋಗೂ ಎಳತಾ ಹುಟ್ಟತೈತ್ರಿ ಸರ. ಅದನ್ನ ತೆಗದ್ರ ಟ್ರ್ಯಾಕ್ ಸಪ್ಪಗ ಆಗತೈತಿ.’ ಹಾಕಿ ಕೇಳಿದೆವು. ಅವನು ಹೇಳಿದ್ದು ನಿಜ. ಶುದ್ಧ ನಿ (ಅದೇ ಜಿ ಶಾರ್ಪ್) ಸಾ ಕಡೆಗೆ ಎಳೆಯುವ ಎಳೆತಕ್ಕೆ ಬದಲಿ ಇಲ್ಲ. ಇಲ್ಲಿ ಅವನು ಗಟ್ಟಿಯಾಗಿ ನಿಂತದ್ದು ಬಹಳ ಒಳ್ಳೆಯದಾಯಿತು. ಎಫೆಕ್ಟಿಗೋಸ್ಕರ ಸಂಗೀತ ಬದಲಿಸುವ ಬದಲು ಸಂಗೀತಕ್ಕೆ ತಕ್ಕ ಎಫೆಕ್ಟ್ ಹುಡುಕುವ ದಾರಿ ಹಿಡಿದೆವು.

ಫೀಡ್‌ಬ್ಯಾಕ್ 65ರಿಂದ 40ಕ್ಕೆ ಬಂತು. ಈಗ ಪ್ರತಿ ಸುತ್ತಿಗೆ 8 ಡೆಸಿಬೆಲ್ ಇಳಿಯುತ್ತದೆ. ಮೂರು ಸುತ್ತಿಗೇ 24. ಒಂದು ಸೆಕೆಂಡು ಚಿಲ್ಲರೆಯಲ್ಲಿ ಜಾಗ ಖಾಲಿ. ಆದರೂ 11ನೇ ಸ್ಟೆಪ್‌ನ ಸ್ಟ್ಯಾಬ್ ಮುಂದಿನ ಬಾರಿಗೆ ದಾಟುತ್ತಲೇ ಇತ್ತು, ದಾಟಲೇಬೇಕು. ಆಗ ವಿ ಒಂದು ಪ್ರಶ್ನೆ ಕೇಳಿದ. ಡಿಲೇಗೆ ಇಡೀ ಕಾರ್ಡ್ ಯಾಕೆ ಕಳಿಸಬೇಕು?

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಕಾಗದದ ಮೇಲೆ ನಾಲ್ಕೂ ಕಾರ್ಡ್ ಬರೆದೆವು.

ಎ ಮೈನರ್ 9: ಎ, ಸಿ, ಇ, ಜಿ, ಬಿ.
ಎಫ್ ಮೇಜರ್ 7: ಎಫ್, ಎ, ಸಿ, ಇ.
ಡಿ ಮೈನರ್ 9: ಡಿ, ಎಫ್, ಎ, ಸಿ, ಇ.
ಇ 7: ಇ, ಜಿ ಶಾರ್ಪ್, ಬಿ, ಡಿ.

ಮೊದಲ ಮೂರರಲ್ಲೂ ಎ, ಸಿ, ಇ ಇವೆ. ನಾಲ್ಕರಲ್ಲೂ ಇರುವುದು ಇ ಒಂದೇ, ಅತ್ತಿಯ ಲೆಕ್ಕದಲ್ಲಿ ಪಂಚಮ. ಅಂದ್ರೆ ಡಿಲೇಗೆ ಎ, ಸಿ, ಇ ಮಾತ್ರ ಕೊಟ್ಟರೆ ಮೊದಲ ಮೂರು ಬಾರ್‌ಗಳಲ್ಲಿ ಯಾವ ಪ್ರತಿಧ್ವನಿ ಎಲ್ಲಿ ಬಿದ್ದರೂ ಸುರ್ ಕೆಡುವುದಿಲ್ಲ. ಮೂರನೇ ಬಾರಿನ ಕೊನೆಯ ಸ್ಟ್ಯಾಬಿನಿಂದ ನಾಲ್ಕನೇ ಬಾರ್ ಮುಗಿಯುವವರೆಗೆ ಇ ಒಂದನ್ನೇ ಕೊಟ್ಟರೆ ಇ 7 ಕೂಡ ಸ್ವಚ್ಛ, ತಿರುಗಿ ಎ ಮೈನರ್‌ಗೆ ಬರುವುದೂ ಸ್ವಚ್ಛ.

ಮಾಡುವುದು ಸರಳ. ಸ್ಟ್ಯಾಬ್ ಟ್ರ್ಯಾಕಿನ ನಕಲು ತೆಗೆದು ಅದರಲ್ಲಿ ಬೇಕಾದ ಸ್ವರಗಳನ್ನು ಮಾತ್ರ ಉಳಿಸಿದ. ಆ ನಕಲು ಮಾಸ್ಟರ್‌ಗೆ ಹೋಗುವುದಿಲ್ಲ, ಡಿಲೇಗೆ ಮಾತ್ರ ಹೋಗುತ್ತದೆ. ಕೇಳುವವರಿಗೆ ಮೂಲ ಸ್ಟ್ಯಾಬ್ ತನ್ನ ಎಲ್ಲ ಸ್ವರಗಳಲ್ಲಿ ಕೇಳುತ್ತದೆ, ಪ್ರತಿಧ್ವನಿ ಮೂರೇ ಸ್ವರದಲ್ಲಿ ಇಲ್ಲವೇ ಒಂದೇ ಸ್ವರದಲ್ಲಿ. ವ್ಯತ್ಯಾಸ ಯಾರಿಗೂ ಗೊತ್ತಾಗುವುದಿಲ್ಲ, ಯಾಕಂದ್ರೆ ಅಷ್ಟರಲ್ಲಿ ಅದು ಫಿಲ್ಟರ್‌ನಲ್ಲಿ ಮಂಕಾಗಿರುತ್ತದೆ. ಅತ್ತಿಗೆ ಮತ್ತೆ ಕೇಳಿಸಿದಾಗ ಈ ಸಲ ಕೈ ಎತ್ತಲಿಲ್ಲ. ಪೂರ್ತಿ ಕೇಳಿ, ‘ಪಂಚಮ ಚಲೋ ಹಿಡದೀಪಾ’ ಅಂದರು.

ಇದರ ಜೊತೆ ಡಕ್ಕಿಂಗ್ ಹಾಕಿದೆವು. ಮೂಲ ಸ್ಟ್ಯಾಬ್ ಬಂದಾಗ ಡಿಲೇ ತಗ್ಗಬೇಕು, ಅದು ಸುಮ್ಮನಾದಾಗ ಏಳಬೇಕು. ಡಿಲೇ ಟ್ರ್ಯಾಕಿನ ಮೇಲೆ ಕಂಪ್ರೆಸರ್ (ಸದ್ದಿನ ಮಟ್ಟ ತಗ್ಗಿಸುವ ಸಾಧನ) ಇಟ್ಟು, ಅದರ ಸೈಡ್‌ಚೈನ್‌ಗೆ (ಯಾವಾಗ ತಗ್ಗಬೇಕು ಅಂತ ಹೇಳುವ ದಾರಿಗೆ) ಸ್ಟ್ಯಾಬನ್ನು ಕೊಟ್ಟರೆ ಆಯಿತು. ಬಹಳ ಜನ ಇಲ್ಲಿ ಕಿಕ್ಕನ್ನು ಕೊಡುತ್ತಾರೆ. ಆಗ ಪ್ರತಿ ಬೀಟಿಗೂ ಡಿಲೇ ಉಸಿರಾಡುವ ಥರ ಏರಿಳಿಯುತ್ತದೆ. ಅದಕ್ಕೂ ಒಂದು ಸೊಗಸಿದೆ. ಆದರೆ ಇಲ್ಲಿ ಡಿಲೇ ಅಡ್ಡ ಬರುತ್ತಿದ್ದದ್ದು ಸ್ಟ್ಯಾಬಿಗೆ, ಕಿಕ್ಕಿಗಲ್ಲ. ಯಾವುದನ್ನು ಮುಚ್ಚುತ್ತಿದೆಯೋ ಅದನ್ನೇ ಸೈಡ್‌ಚೈನ್‌ಗೆ ಕೊಡಬೇಕು.

ಹಾಲ್‌ಗೂ ಒಂದು ಡಿಲೇ ಇರುತ್ತದೆ

ಇಷ್ಟಾದರೂ ವಿಯ ಮೊದಲ ಪ್ರಶ್ನೆ ಉಳಿದಿತ್ತು. ಹಾಲ್‌ನಲ್ಲಿ ಯಾಕೆ ಅಷ್ಟು ಕೆಟ್ಟಿತು? ಅದೇ ಹಾಲ್‌ನಲ್ಲಿ ಇನ್ನೊಂದು ಕಾಲೇಜಿನ ಗ್ಯಾದರಿಂಗ್‌ಗೆ ಅವನನ್ನು ಕರೆದಿದ್ದರು. ಹಿಂದಿನ ದಿನ ಕೀಲಿ ಇಸಿದುಕೊಂಡು ಖಾಲಿ ಹಾಲ್‌ಗೆ ಹೋದೆವು. ವಿ ಸ್ಟೇಜಿನ ಅಂಚಿಗೆ ನಿಂತು ಒಂದು ಚಪ್ಪಾಳೆ ಹೊಡೆದ, ನಾನು ಪಕ್ಕದಲ್ಲಿ ರೆಕಾರ್ಡ್ ಮಾಡಿದೆ. ಅಲೆಯ ಚಿತ್ರದಲ್ಲಿ ಮೊದಲ ಮೊನೆ ಆದ ಮೇಲೆ ಎರಡನೇ ಮೊನೆ ಎದ್ದು ಕಾಣುತ್ತಿತ್ತು. ನಡುವೆ 175 ಮಿಲಿಸೆಕೆಂಡಿನ ಆಸುಪಾಸು. ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ. ಹಿಂದಿನ ಗೋಡೆ ಸ್ಟೇಜಿನಿಂದ 30 ಮೀಟರ್, ಹೋಗಿ ಬರಲು 60. ಲೆಕ್ಕ ಸರಿಹೋಯಿತು.

175 ಅಂದ್ರೆ 125ಕ್ಕೂ ಸೇರದ, 250ಕ್ಕೂ ಸೇರದ ಅಂಕಿ. ಸ್ಟೇಜಿನ ಹತ್ತಿರ ಕುಣಿಯುವವರಿಗೆ ಪ್ರತಿ ಸ್ಟ್ಯಾಬೂ, ಅದರ ಪ್ರತಿ ಪ್ರತಿಧ್ವನಿಯೂ ತಾಳಕ್ಕೆ ಸೇರದ ಇನ್ನೊಂದು ನಕಲಿನ ಜೊತೆ ಕೇಳುತ್ತಿತ್ತು. ಹಾಗಾದ್ರೆ ಡಿಲೇಯನ್ನು 175ಕ್ಕೇ ಹೊಂದಿಸಬಹುದಲ್ವಾ ಅಂತ ವಿ ಕೇಳಿದ. ಆಗುವುದಿಲ್ಲ. ಹಾಲ್‌ನ ನಡುವೆ ನಿಂತವನಿಗೆ ನೇರ ಸದ್ದು 15 ಮೀಟರ್ ಬರುತ್ತದೆ, ಗೋಡೆಗೆ ಬಡಿದದ್ದು 45 ಮೀಟರ್. ವ್ಯತ್ಯಾಸ 30 ಮೀಟರ್, ಸುಮಾರು 87 ಮಿಲಿಸೆಕೆಂಡ್. ಗೋಡೆಗೆ ಒರಗಿ ನಿಂತವನಿಗೆ ವ್ಯತ್ಯಾಸವೇ ಇಲ್ಲ. ಒಂದೊಂದು ಜಾಗಕ್ಕೆ ಒಂದೊಂದು ಅಂಕಿ. ಹಾಲ್‌ನ ಡಿಲೇಯನ್ನು ನಾವು ತಾಳಕ್ಕೆ ತರಲಾರೆವು. ನಮ್ಮದನ್ನು ಕಡಿಮೆ ಮಾಡಿ ಅದಕ್ಕೆ ಜಾಗ ಬಿಡಬಹುದು, ಅಷ್ಟೆ. ಫೀಡ್‌ಬ್ಯಾಕ್ 40ಕ್ಕೆ ಇಳಿಸಿದ್ದು ಇಲ್ಲಿ ಎರಡನೇ ಸಲ ಕೆಲಸಕ್ಕೆ ಬಂತು.

ಪಿಂಗ್‌ಪಾಂಗ್ ತೆಗೆಯಲು ವಿಗೆ ಬಹಳ ಸಂಕಟವಾಯಿತು. ಹೆಡ್‌ಫೋನಿನಲ್ಲಿ ಸದ್ದು ಎಡ ಬಲ ಓಡಾಡುವುದು ನಿಜವಾಗಿಯೂ ಮಜಾ. ಆದರೆ ಎಡಗಡೆ ಬಾಕ್ಸಿನ ಮುಂದೆ ನಿಂತವನಿಗೆ ಎಡದ ಪ್ರತಿಧ್ವನಿಯೇ ಜೋರು, ಬಲದ್ದು ದೂರದಿಂದ ತಡವಾಗಿ ಸಣ್ಣಗೆ. ಅವನ ಪಾಲಿಗೆ 375ರ ನಡಿಗೆ 750ರದ್ದಾಗುತ್ತದೆ. ಇಡೀ ಲಯದಲ್ಲಿ ಅರ್ಧ ಕಳೆದುಹೋಯಿತು. ಅದಲ್ಲದೆ ಆ ಹಾಲ್‌ನ ಸೌಂಡ್‌ನವರು ಎರಡೂ ಕಡೆ ಒಂದೇ ಮೋನೋ ಸದ್ದು ಕೊಡುವವರು. ವಿ ಸ್ಟ್ಯಾಬ್ ಅಗಲ ಕೇಳಲಿ ಅಂತ ಬಲ ಚಾನೆಲನ್ನು 10 ಮಿಲಿಸೆಕೆಂಡ್ ಹಿಂದಕ್ಕೆ ಸರಿಸಿದ್ದ. ಮೋನೋ ಮಾಡಿದಾಗ ಎರಡೂ ಕೂಡಿ 50, 150, 250, 350 ಹರ್ಟ್ಸ್ ಹೀಗೆ ಪ್ರತಿ 100 ಹರ್ಟ್ಸ್‌ಗೊಂದು ಕಡೆ ಒಂದನ್ನೊಂದು ಹೊಡೆದುಹಾಕುತ್ತವೆ. ಸ್ಟ್ಯಾಬ್ ಡಬ್ಬಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ಮಾಸ್ಟರ್ ಮೇಲಿನ ಮೋನೋ ಬಟನ್ ಒತ್ತಿ ತೋರಿಸಿದೆ. ಹಾಲ್‌ಗೆ ಹೋಗುವ ಪ್ರತಿಯಲ್ಲಿ ಪಿಂಗ್‌ಪಾಂಗ್, ಆ 10 ಮಿಲಿಸೆಕೆಂಡ್ ಎರಡನ್ನೂ ತೆಗೆಯಲು ಅವನೇ ಒಪ್ಪಿದ.

ಮತ್ತೆ ಅದೇ ಹಾಲ್

ಎರಡನೇ ಗ್ಯಾದರಿಂಗ್‌ನಲ್ಲಿ ನಾನೂ ಹಿಂದೆ ನಿಂತಿದ್ದೆ. ಸ್ಟ್ಯಾಬ್ ಬಂದಾಗ ಈ ಸಲ ಬೇಸ್‌ಲೈನ್ ಮುಚ್ಚಿಹೋಗಲಿಲ್ಲ. ನಾಲ್ಕನೇ ಬಾರಿನ ಜಿ ಶಾರ್ಪ್ ಹಾಲ್‌ನ ಕೊನೆಯವರೆಗೂ ಕೇಳಿತು. ಹುಡುಗರು ಹಿಂದೆ ಸರಿಯಲಿಲ್ಲ.

ಒಂದು ಭಾಗ ಮಾತ್ರ ಕೆಟ್ಟಿತು. ಕಿಕ್ ನಿಂತು ಬರೀ ಸ್ಟ್ಯಾಬ್ ಉಳಿಯುವ ಬ್ರೇಕ್ ಇದೆ. ಅಲ್ಲಿ ವಿ ಜಮೈಕಾದವರ ಕೈಚಳಕ ಹಾಕಿದ್ದ. ಮೊದಲ ಬಾರಿನ ಒಂದೇ ಸ್ಟ್ಯಾಬಿನ ಮೇಲೆ ಫೀಡ್‌ಬ್ಯಾಕನ್ನು 40ರಿಂದ 75ಕ್ಕೆ ಏರಿಸಿ, ನಾಲ್ಕನೇ ಬಾರ್ ಬರುವ ಮುಂಚೆ ಇಳಿಸುವುದು. ಸ್ವರಗಳು ಎ, ಸಿ, ಇ ಆದ್ದರಿಂದ ಸುರ್ ಕೆಡಲಿಲ್ಲ. ಆದರೆ ಕಿಕ್ ಇಲ್ಲದ ಆ ಖಾಲಿ ಜಾಗದಲ್ಲಿ ತಗಡಿನ ಛಾವಣಿ ತಾನೇ ಹಾಡತೊಡಗಿತು. ಲಯ ಕರಗಿ ಹೋಯಿತು. ನನ್ನ ಕೋಣೆಯಲ್ಲಿ ಅದೇ ಭಾಗ ಟ್ರ್ಯಾಕಿನ ಅತ್ಯಂತ ಚೆಂದದ ಎಂಟು ಬಾರ್. ಹಾಲ್ ಪ್ರತಿಗಾಗಿ ಅಲ್ಲಿ ಹೈ-ಹ್ಯಾಟ್ ಒಂದನ್ನು ಉಳಿಸಿದ, ಕಿವಿಗೆ ತಾಳ ಹಿಡಿಯಲು ಏನಾದರೂ ಸಿಗಲಿ ಅಂತ. ಏರಿಕೆಯನ್ನು 60ಕ್ಕೆ ನಿಲ್ಲಿಸಿದ.

ಈಗ ಅವನ ಹತ್ತಿರ ಎರಡು ಪ್ರತಿ ಇವೆ. ಕೇಳುವವರಿಗೆ ಒಂದು, ಹಾಲ್‌ಗೆ ಒಂದು. ಕೇಳುವ ಪ್ರತಿಯಲ್ಲಿ ಪಿಂಗ್‌ಪಾಂಗ್ ವಾಪಸ್ ಬಂದಿದೆ, ಬ್ರೇಕ್‌ನಲ್ಲಿ 75 ಇದೆ. ಎರಡರಲ್ಲೂ ರಿಲೀಸ್ 150, ಸಮಯ 375, ಡಿಲೇಗೆ ಹೋಗುವ ಸ್ವರಗಳು ಅವೇ. ಈ ಮೂರು ಸರಿಯಾದ ಮೇಲೆ ಮಟ್ಟದ ನಾಬ್ ಎಲ್ಲಿಟ್ಟರೂ ಟ್ರ್ಯಾಕ್ ನಿಲ್ಲುತ್ತಿತ್ತು. ಮೊದಲು ಅದೊಂದನ್ನೇ ತಿರುಗಿಸುತ್ತಾ ಕೂತಿದ್ದ. ನನ್ನ ಹತ್ತಿರ ರಾಡಿಯಾದ ಸ್ಟ್ಯಾಬ್ ತರುವ ಹುಡುಗರಿಗೆ ಈಗ ಇದೇ ಸಾಲಿನಲ್ಲಿ ಕೇಳುತ್ತೇನೆ: ಸ್ಟ್ಯಾಬ್ ಎಷ್ಟು ಉದ್ದ, ಮುಂದಿನ ಕಾರ್ಡ್ ಯಾವುದು, ಕೊನೆಯ ಸ್ಟ್ಯಾಬಿನ ಎರಡನೇ ಪ್ರತಿಧ್ವನಿ ಯಾವ ಸ್ಟೆಪ್‌ಗೆ ಬೀಳುತ್ತದೆ. ಪ್ಲಗಿನ್ ಯಾವುದು ಅಂತ ಕೇಳುವುದು ಕೊನೆಗೆ.

ವಿಯ ಒಬ್ಬ ಗೆಳೆಯನಿಗೆ ಹಳೆಯ ರಾಡಿ ಪ್ರತಿಯೇ ಇಷ್ಟ. ಹೊಸದು ಜಾಸ್ತಿ ಸ್ವಚ್ಛ ಆಯಿತು, ಮೊದಲಿನ ಮಂಪರು ಹೋಯಿತು ಅನ್ನುತ್ತಾನೆ. ಅವನ ಮಾತನ್ನು ವಿ ತಳ್ಳಿಹಾಕಿಲ್ಲ. ಮುಂದಿನ ಟ್ರ್ಯಾಕಿಗೆ ಎರಡೇ ಕಾರ್ಡ್ ಇಟ್ಟುಕೊಂಡಿದ್ದಾನೆ, ಎ ಮೈನರ್ 9 ಮತ್ತು ಡಿ ಮೈನರ್ 9. ಎರಡರಲ್ಲೂ ಎ, ಸಿ, ಇ ಇರುವುದರಿಂದ ಫೀಡ್‌ಬ್ಯಾಕನ್ನು ಮತ್ತೆ 65ರವರೆಗೆ ಬಿಡಬಹುದು ಅಂತ ಅವನ ಲೆಕ್ಕ. ಕೋಣೆಯಲ್ಲಿ ಕೇಳಿದಾಗ ಲೆಕ್ಕ ಸರಿ ಇದೆ. ಆ ತಗಡಿನ ಛಾವಣಿ ಕೆಳಗೆ ಇನ್ನೂ ಹಚ್ಚಿ ನೋಡಿಲ್ಲ.